ಬಸ್ ನಿಲ್ದಾಣದಲ್ಲಿ ಕಾಲರ್ ಹಿಡಿದಾಗ

ಕಡೂರು ಬಸ್ ನಿಲ್ದಾಣದಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನಿಂದ ಯಾರೋ ನನ್ನ ಕಾಲರ್ ಹಿಡಿದರು. ಬೆಚ್ಚಿ ತಿರುಗಿದರೆ ಗುರುತು ಪರಿಚಯವಿಲ್ಲದ ಹೆಂಗಸು! ನಾನು ಮಾಡಬಾರದ್ದೇನೋ ಮಾಡಿದ್ದೇನೆಂದು ಅಕ್ಕಪಕ್ಕದವರೆಲ್ಲ ದುರುಗುಟ್ಟಿ ನೋಡಿದರು. ಆಕೆಗೆ ಮಾತ್ರ ಮುಖವೆಲ್ಲ ನಗು.

“ಇದು ನಮ್ ಕಾಲರ್ರು ಕಣಣ್ಣ! ಈ ಹಸಿರು ಗೀಟಿನ ಬಟ್ಟೆಗೆ ತಿಂಗಳುಗಟ್ಲೆ ಬರೀ ಕಾಲರ್ ಹೊಲ್ದಿದೀನಿ. ಅಂಗಿ ಹಾಕ್ಕೊಂಡೋರ್ನ ಇವತ್ತೇ ನೋಡಿದ್ದು!”

ಆಕೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರಂತೆ. ನಾನು ಬಾಯಿ ತೆರೆಯುವ ಮೊದಲೇ ಜೊತೆಯಾಕೆಯನ್ನು ಕೂಗಿದರು: “ಲೇ ಬಾರೇ, ನಿನ್ ಜೇಬು ಇಲ್ಲೈತೆ!”

ಜೇಬು ಹೊಲಿಯುವಾಕೆ ಓಡಿ ಬಂದು ನನ್ನ ಎದೆಯ ಜೇಬನ್ನು ಎಳೆದೆಳೆದು ನೋಡತೊಡಗಿದರು. ಸರಿಯಾಗಿ ಅದೇ ಹೊತ್ತಿಗೆ, ನೀರಿನ ಬಾಟಲಿ ತರಲು ಹೋಗಿದ್ದ ನನ್ನ ಹೆಂಡತಿ ಬಂದಳು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ವಿಷಯ ಕೇಳಿದ್ದೇ ಅವಳು ಅವರಿಬ್ಬರ ಮೇಲೆ ತಿರುಗಿಬಿದ್ದಳು.

“ಗುಂಡಿ ಹಾಕಿದ್ಯಾರಮ್ಮ? ಒಂದೇ ಒಗೆತಕ್ಕೆ ಉದುರೋದ್ವಲ್ಲ!”

“ಅದು ನಮ್ ಲೈನಲ್ಲ ಕಣಕ್ಕ!” ಇಬ್ಬರೂ ಒಟ್ಟಿಗೇ ಹೇಳಿದರು.

ಬಟ್ಟೆಯೆಲ್ಲ ಮಿಷನ್ನೇ ಹೊಲಿಯುತ್ತದೆ ಎಂದುಕೊಂಡಿದ್ದವನು ನಾನು. ಈಗ ಅಂಗಡಿಯಲ್ಲಿ ಸಾಲಾಗಿ ತೂಗುವ ಅಂಗಿಗಳನ್ನು ಕಂಡರೆ, ಅವುಗಳ ಹಿಂದೆ ಮಾತಾಡುತ್ತಾ ಕೂತ ಹೆಂಗಸರು ಕಂಡಂತಾಗಿ ನಗು ಬರುತ್ತದೆ.