ನಾಲ್ಕನೇ ಟ್ಯಾಂಕಿನ ಹುಳಿ ವಾಸನೆ

ಬೆಳಗಿನ ಐದೂವರೆ. ಜೆ.ಪಿ. ನಗರದ ಕಟ್ಟಡವೊಂದರ ಮೂರನೇ ಮಹಡಿಯ ಪಬ್ಬಿನಲ್ಲಿ ಕುರ್ಚಿಗಳು ಇನ್ನೂ ಮೇಜುಗಳ ಮೇಲೆ ತಲೆಕೆಳಗಾಗಿವೆ. ಗಾಜಿನ ಗೋಡೆಯಾಚೆ ಬೀರ್ ತಯಾರಾಗುವ ಆರು ಸ್ಟೀಲ್ ಟ್ಯಾಂಕುಗಳು. ಕಾಲಿಗೆ ಗಂಬೂಟು, ಮೊಣಕೈವರೆಗೆ ರಬ್ಬರ್ ಗ್ಲೌಸು, ಕಣ್ಣಿಗೆ ದಪ್ಪ ಕನ್ನಡಕ ಹಾಕಿಕೊಂಡ ಮುರಿಗೆವ್ವ ಖಾಲಿಯಾದ ಟ್ಯಾಂಕಿಗೆ ಪೈಪು ಜೋಡಿಸಿ ಪಂಪು ಶುರು ಮಾಡುತ್ತಾರೆ. ಕುದಿಬಿಸಿ ಕಾಸ್ಟಿಕ್ ಸೋಡಾ ನೀರು ಒಳಗೋಡೆಗೆ ಅಪ್ಪಳಿಸುತ್ತದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಆರು ವರ್ಷವಾದರೂ ಆ ಸದ್ದಿಗೆ ಎದೆ ಧಸಕ್ ಎನ್ನುವುದು ನಿಂತಿಲ್ಲ.

“ಈ ನೀರು ಮೈಮ್ಯಾಲೆ ಬಿದ್ರ ಚರ್ಮ ಸುಲೀತೈತ್ರಿ. ಟ್ಯಾಂಕಿನೊಳಗ ತಲಿ ಹಾಕಿದ್ರ ಉಸಿರ ನಿಲ್ತೈತಿ, ಗ್ಯಾಸ್ ಕುಂತಿರ್ತೈತಿ. ಆದ್ರ ಇವಕ್ಕಿಂತ ನನಗ ಕಣ್ಣಿಗೆ ಕಾಣಲಾರದ್ದರ ಹೆದರಿಕಿನ ಜಾಸ್ತಿ,” ಎನ್ನುತ್ತಾರೆ.

ಆ ಕಣ್ಣಿಗೆ ಕಾಣದ್ದು ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ. ಹಾಲನ್ನು ಮೊಸರಾಗಿಸುವುದು, ಇಡ್ಲಿ ಹಿಟ್ಟಿಗೆ ಹುಳಿ ಬರಿಸುವುದು ಇದೇ ಬಳಗ. ಅಡುಗೆಮನೆಯಲ್ಲಿ ಬೇಕಾದ ನೆಂಟ, ಬೀರ್ ಟ್ಯಾಂಕಿನಲ್ಲಿ ಮಾತ್ರ ಕಳ್ಳ. ಒಂದು ಪೈಪಿನ ಮೂಲೆಯಲ್ಲಿ ಉಳಿದುಕೊಂಡರೂ ಸಾಕು, ವಾರಗಟ್ಟಲೆ ಮಾಗಿಸಿದ್ದು ಹುಳಿಯಾಗಿ ಹೋಗುತ್ತದೆ.

ಬಾದಾಮಿ ತಾಲ್ಲೂಕಿನ ಮುರಿಗೆವ್ವ ಬೆಂಗಳೂರಿಗೆ ಬಂದು ಎಂಟು ವರ್ಷ. ಬಿ.ಟಿ.ಎಂ. ಲೇಔಟಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಗಂಡ ಬಸವಂತ ಅಪಾರ್ಟ್‌ಮೆಂಟೊಂದರ ಸೆಕ್ಯುರಿಟಿ, ಮಗಳು ಪ್ರಿಯಾಂಕಾ ಪಿಯುಸಿ. ಈ ಪಬ್ಬಿನಲ್ಲಿ ಗ್ಲಾಸು ತೊಳೆಯಲು ಸೇರಿದ ಅವರನ್ನು, ಕೆಲಸದ ಶುಚಿ ನೋಡಿ ಟ್ಯಾಂಕು ತೊಳೆಯಲು ಹಾಕಿದರು. ದಿನಕ್ಕೆ ಎರಡು ಟ್ಯಾಂಕು, ಬೀರ್ ತುಂಬುವ ಮೂವತ್ತು ಕೆಗ್ಗು ಪೀಪಾಯಿ, ಹನ್ನೊಂದು ಪೈಪು. ಪ್ರತಿ ಟ್ಯಾಂಕಿಗೂ ಕಾಸ್ಟಿಕ್, ನೀರು, ಆಸಿಡ್, ಮತ್ತೆ ನೀರು. ಒಂದು ಸುತ್ತು ತಪ್ಪುವಂತಿಲ್ಲ. ಅವರು ತೊಳೆದ ಟ್ಯಾಂಕಿನ ಬೀರ್ ಕುಡಿಯುವವರಲ್ಲಿ ಒಬ್ಬರೂ ಅವರ ಮುಖ ಕಂಡಿಲ್ಲ. ಅವರೂ ಒಂದು ಹನಿ ಬೀರ್ ನಾಲಿಗೆಗೆ ಮುಟ್ಟಿಸಿದವರಲ್ಲ.

ಕಳೆದ ಜುಲೈನ ಒಂದು ಮಂಗಳವಾರ. ನಾಲ್ಕನೇ ಟ್ಯಾಂಕಿನಿಂದ ಸ್ಯಾಂಪಲ್ ಹಿಡಿಯುವ ನಲ್ಲಿಯನ್ನು ಒರೆಸುತ್ತಿದ್ದ ಮುರಿಗೆವ್ವನ ಮೂಗಿಗೆ ಏನೋ ತಗುಲಿತು. ಹಳೆಯ ಮಜ್ಜಿಗೆಯ ಹುಳಿ, ಅದರ ಮೇಲೆ ತೆಳ್ಳಗೆ ಬೆಣ್ಣೆಯ ವಾಸನೆ. ಮೊದಲು ತಮ್ಮ ಕೈಯನ್ನೇ ಮೂಸಿಕೊಂಡರು. ಆ ಬೆಳಿಗ್ಗೆ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿ ಬಂದಿದ್ದರು. ಸೇರಿದ ದಿನವೇ, ಬೀರ್ ತಯಾರಿ ನೋಡಿಕೊಳ್ಳುವ ಜಯನಗರದ ಸುಶ್ರುತ ಎಚ್ಚರಿಸಿದ್ದ: “ಮೊಸರು, ದೋಸೆ ಹಿಟ್ಟು ಮುಟ್ಟಿ ಹಂಗೇ ಬರ್ಬೇಡಿ ಅಕ್ಕ.” ಮ್ಯಾನೇಜರ್ ರವಿಕಿರಣ್ ಮೀಟಿಂಗಿನಲ್ಲಿ ಅಂದದ್ದೂ ಕಿವಿಯಲ್ಲಿತ್ತು: “ಒಂದ್ ಬ್ಯಾಚ್ ಕೆಟ್ರೆ ಕ್ಲೀನಿಂಗ್‌ನವ್ರು ಮನೆಗೆ.”

ಅವರು ಯಾರಿಗೂ ಹೇಳಲಿಲ್ಲ.

“ನನ್ನ ಕೈಯಿಂದನ ಹೋಗೇತಿ ಅಂತ ಮನಸಿನ್ಯಾಗ ಕುಂತಬಿಡ್ತು,” ಎಂದು ನೆನೆಯುತ್ತಾರೆ.

ಮನೆಗೆ ಹೋದವರೇ ಆಗಷ್ಟೇ ಗಟ್ಟಿಯಾಗಿದ್ದ ಮೊಸರನ್ನು ಮೋರಿಗೆ ಚೆಲ್ಲಿದರು. ಪಾತ್ರೆಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿದರು. ಅಂಗಡಿಯ ಪ್ಯಾಕೆಟ್ ಮೊಸರನ್ನೂ ಹೊಸಿಲೊಳಗೆ ಬಿಡಲಿಲ್ಲ. ಟೈಫಾಯ್ಡಿನಿಂದ ಎದ್ದಿದ್ದ ಪ್ರಿಯಾಂಕಾಗೆ ಮಾತ್ರೆಗಳ ಕಾಟದಿಂದ ಭೇದಿ ನಿಲ್ಲುತ್ತಿರಲಿಲ್ಲ. “ಅವ್ವಾ, ಡಾಕ್ಟರ್ ಮೊಸರನ್ನ ಉಣ್ಣು ಅಂದಾರ. ನೀ ಯಾಕ ತರವಲ್ಲಿ?” ಎಂದು ಆಕೆ ಕೇಳಿದರೆ ತಾಯಿ ಗಂಜಿಯ ಬಟ್ಟಲು ಮುಂದಿಟ್ಟು ಮುಖ ತಿರುಗಿಸುತ್ತಿದ್ದರು.

ಬುಧವಾರ ವಾಸನೆ ಇನ್ನಷ್ಟು ಗಟ್ಟಿಯಾಯಿತು. ಗುರುವಾರ ಸುಶ್ರುತ ಅದೇ ಟ್ಯಾಂಕಿನ ಮುಂದೆ ನಿಂತು ಶನಿವಾರ ಸಂಜೆ ತೆರೆಯೋಣ ಎಂದ. ಅದು ಮುರಿಗೆವ್ವನ ಕಿವಿಗೂ ಬಿತ್ತು. ಕೆಲಸ ಹೋಗುವ ಭಯದ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತ್ತು. ಶನಿವಾರ ನೂರಾರು ಜನ ಬರುತ್ತಾರೆ. ಕುಡಿದವರಿಗೆ ಏನಾದರೂ ಆದರೆ? ಯಾರದೋ ಮನೆಯ ಮಗ ಆಸ್ಪತ್ರೆಯಲ್ಲಿ ಮಲಗಿದರೆ?

ಶುಕ್ರವಾರ ಬೆಳಿಗ್ಗೆ ಲಿಫ್ಟ್ ಬಾಗಿಲಲ್ಲೇ ಸುಶ್ರುತನನ್ನು ತಡೆದರು.

“ಸರ, ನಾಲ್ಕನೇದು ಕೆಟ್ಟೈತ್ರಿ.”

“ನಿನ್ನೆ ನಾನೇ ಟೇಸ್ಟ್ ಮಾಡಿದ್ನಲ್ಲ ಅಕ್ಕ, ಸರಿಯಾಗೇ ಇತ್ತು.”

“ಇನ್ನೊಮ್ಮೆ ಮೂಸಿ ನೋಡ್ರಿ. ಮಂಗಳವಾರದಿಂದ ಬರಾಕತ್ತೈತಿ.”

ಅವನು ಸ್ವಲ್ಪ ಬೀರನ್ನು ಗ್ಲಾಸಿಗೆ ಹಿಡಿದ, ತಣ್ಣಗಿದ್ದರೆ ವಾಸನೆ ಏಳದೆಂದು ಕೈಯಲ್ಲಿ ಬೆಚ್ಚಗೆ ಮಾಡಿ ಮೂಸಿದ, ಸ್ಯಾಂಪಲ್ ಒಯ್ದು ಮೈಕ್ರೋಸ್ಕೋಪಿನ ಮುಂದೆ ಕೂತ. ಮುರಿಗೆವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತರು. ಅವನು ತಲೆ ಎತ್ತಿ, “ಇದೆ,” ಎಂದಾಗ ಅಲ್ಲೇ ಹೊಸಿಲ ಮೇಲೆ ಕೂತರು. ಅಳುತ್ತಲೇ ಮೊಸರಿನ ವಿಷಯ ಪೂರ್ತಿ ಹೇಳಿದರು.

ಸುಶ್ರುತ ಎಲ್ಲ ಪೈಪುಗಳನ್ನು ಬಿಚ್ಚಿಸಿದ. ಮಧ್ಯಾಹ್ನದ ಹೊತ್ತಿಗೆ ಒಂದು ಜೋಡಣೆಯೊಳಗಿನ ರಬ್ಬರ್ ರಿಂಗಿನಲ್ಲಿ ಕೂದಲೆಳೆಯಷ್ಟು ಸೀಳು ಸಿಕ್ಕಿತು. ಕಾಸ್ಟಿಕ್ ತಲುಪದ ಆ ಸೀಳಿನಲ್ಲಿ ಬಿಳಿ ಲೋಳೆ.

“ನಿಮ್ಮನೆ ಮೊಸರಿಂದು ಬೀರಿಗೆ ಬಿದ್ರೂ ಸಾಮಾನ್ಯವಾಗಿ ಬದುಕಲ್ಲ ಅಕ್ಕ. ಬೀರಿಗೆ ಹಾಕೋ ಹಾಪ್ಸ್ ಹೂವಿನ ಕಹಿ ಅದಕ್ಕೆ ಆಗಲ್ಲ. ಇದು ಆ ಕಹಿಗೇ ಒಗ್ಗಿಹೋಗಿರೋ ಜಾತಿ. ಎಷ್ಟು ದಿನದಿಂದ ಇಲ್ಲಿ ಕೂತಿತ್ತೋ.”

“ಇದನ್ನ ಕುಡಿದಿದ್ರ ಮಂದಿಗೆ?”

“ಹುಳಿ ಅಂತ ಗ್ಲಾಸ್ ವಾಪಸ್ ಕಳಿಸ್ತಿದ್ರು, ಅಷ್ಟೇ. ಇದು ಕಾಯ್ಲೆ ತರೋದಲ್ಲ.”

ಓಡಿ ಬಂದ ರವಿಕಿರಣ್ ಎದುರು ಸುಶ್ರುತ ರಿಂಗ್ ಹಿಡಿದು, “ಇದನ್ನ ಬದಲಾಯಿಸೋ ಲೆಕ್ಕ ನಾನು ಇಟ್ಕೋಬೇಕಿತ್ತು. ತಪ್ಪು ನಂದು,” ಎಂದ. ಎಂಟುನೂರು ಲೀಟರ್ ಬೀರನ್ನು ಚರಂಡಿಗೆ ಬಿಡಬೇಕಾಯಿತು. ವಾಲ್ವ್ ತಿರುಗಿಸಿದ್ದು ಮುರಿಗೆವ್ವನ ಕೈ. ನೊರೆ ಇಳಿಯುವವರೆಗೂ ರವಿಕಿರಣ್ ಏನನ್ನುತ್ತಾರೋ ಎಂಬ ಭಯ ಅವರನ್ನು ಬಿಡಲಿಲ್ಲವಂತೆ. ರವಿಕಿರಣ್ ಯಾರನ್ನೂ ಮನೆಗೆ ಕಳಿಸಲಿಲ್ಲ.

ಆ ಸಂಜೆ ಮನೆಗೆ ಮೊಸರು ಬಂತು. ಪ್ರಿಯಾಂಕಾ ಎರಡು ಬಟ್ಟಲು ಅನ್ನ ಕಲಸಿಕೊಂಡು ಉಂಡಳು. ವಾರದಲ್ಲಿ ಹೊಟ್ಟೆ ಹತೋಟಿಗೆ ಬಂತು. ಮೊಸರಿನಿಂದಲೋ, ಮಾತ್ರೆಯ ದಿನಗಳು ಮುಗಿದದ್ದರಿಂದಲೋ, ಹೇಳುವುದು ಕಷ್ಟ. ಕೆಲವು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಕರುಳಿಗೆ ಒಳ್ಳೆಯವು ಎನ್ನುವುದನ್ನೇ ಹಿಡಿದು, ಬೇಕೆಂದೇ ಹುಳಿ ಬರಿಸಿದ ಬೀರ್ ಆರೋಗ್ಯಕ್ಕೆ ಒಳ್ಳೆಯದಂತೆ ಎಂದು ಕೇಳುವ ಗಿರಾಕಿಗಳಿದ್ದಾರೆ. ಸುಶ್ರುತ ನಗುತ್ತಾನೆ: “ಆಲ್ಕೋಹಾಲ್ ಮಾಡೋ ಕೆಡುಕು ಎಲ್ಲಿಗೆ ಹೋಗುತ್ತೆ ಸಾರ್? ಹೊಟ್ಟೆಗೆ ಒಳ್ಳೇದು ಬೇಕಂದ್ರೆ ಮಜ್ಜಿಗೆ ಕುಡೀರಿ.”

ಈಗ ಯಾವ ಟ್ಯಾಂಕು ತೆರೆಯುವ ಮುಂಚೆಯೂ ಮೊದಲು ಮೂಸುವುದು ಮುರಿಗೆವ್ವ. ಟಾರ್ಚ್ ಹಿಡಿದು ಒಂದೊಂದು ರಿಂಗನ್ನೂ ಬೆರಳಲ್ಲಿ ಬಗ್ಗಿಸಿ ನೋಡುತ್ತಾರೆ. ನೋಡಿ ಇಟ್ಟದ್ದನ್ನೇ ಮತ್ತೆ ಎತ್ತಿ ನೋಡುತ್ತಾರೆ. “ಹೆದರಿಕಿ ಹೋಗಿಲ್ರಿ. ಬಸ್ಸಿನ್ಯಾಗ ಕುಂತಾಗೂ ಆ ವಾಸನಿ ಬಂದಂಗ ಆಗ್ತೈತಿ.”

ಊರಿನಲ್ಲಿರುವ ತಾಯಿ ಶಿವವ್ವನಿಗೆ ಮಗಳ ಕೆಲಸ ಏನೆಂದು ಗೊತ್ತಿಲ್ಲ. ಬೀರ್ ಎಂದರೆ ಆ ಜೀವ ತಡೆಯಲಾರದೆಂದು ಡೈರಿಯಲ್ಲಿ ಟ್ಯಾಂಕು ತೊಳೆಯುತ್ತೇನೆ ಎಂದು ಹೇಳಿದ್ದಾರೆ. ಮೊನ್ನೆ ಫೋನಿನಲ್ಲಿ ಆಕೆ ಕೇಳಿದರಂತೆ, “ಅಷ್ಟ ದೊಡ್ಡ ಡೈರಿ ಅಂತಿ, ಹಾಲು ಒಮ್ಮೆನೂ ಕೆಡೂದಿಲ್ಲೇನವಾ?”

ಮುರಿಗೆವ್ವ ಉತ್ತರಿಸಿದರು: “ಒಮ್ಮೆ ಕೆಟ್ಟಿತ್ತವ್ವ. ಕೆಟ್ಟೈತಿ ಅಂತ ಮೊದಲ ಹೇಳಿದಾಕಿ ನಾನ.”