ಪುಸ್ತಕ ಕ್ಲಬ್ಬಿನವನ ಎದುರು ಒಡೆದ ಬಳೆ

"ನಾಳೆ ಒಳಗ ರೊಕ್ಕ ಕೊಡದಿದ್ರ ನಿಮ್ಮ ಸಾಲಿಗೇ ಬರ್ತೀನ್ರಿ. ಹೆಡ್‌ಮಾಸ್ತರ ಮುಂದನ ಮಾತಾಡೋಣು."

ಪುಸ್ತಕ ಕ್ಲಬ್ಬಿನ ವಸೂಲಿಯವನು ನಮ್ಮ ಬೆಟಗೇರಿ ಮನೆಯ ಕಟ್ಟೆಯ ಮುಂದೆ ನಿಂತು, ಓಣಿಗೆಲ್ಲ ಕೇಳುವಂತೆ ಹೇಳಿದ. ಎಪ್ಪತ್ತರ ದಶಕದ ಕೊನೆ ಇರಬೇಕು. ತಿಂಗಳಿಗೊಂದು ಪುಸ್ತಕ ಅಂಚೆಯಲ್ಲಿ ಕಳಿಸಿ, ಆಮೇಲೆ ಹಣ ವಸೂಲು ಮಾಡುವ ಆ ಕ್ಲಬ್ಬಿಗೆ ನಾನು ಸದಸ್ಯೆ. ಎರಡು ತಿಂಗಳಿನಿಂದ ಅಂಚೆಯಲ್ಲಿ ಪುಸ್ತಕವೇ ಬಂದಿರಲಿಲ್ಲ. ನಾವು ಕಳಿಸಿದ್ದೇವೆ, ದಾರಿಯಲ್ಲಿ ಕಳೆದರೆ ನಮ್ಮ ತಪ್ಪಲ್ಲ ಎಂಬುದು ಅವನ ವಾದ. ಶಾಲೆಯಲ್ಲಿ ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕೊಟ್ಟು ಕಳಿಸಿಬಿಡೋಣವೆಂದು ಪರ್ಸು ತರಲು ಎದ್ದೆ.

ಕಟ್ಟೆಯ ಮೇಲೆ ಅವ್ವ, ಬಳೆಗಾರ್ತಿ ಹುಸೇನಬಿಯ ಮುಂದೆ ಕೈಚಾಚಿ ಕುಳಿತಿದ್ದಳು. ಆಗಲೇ ಅವ್ವನ ಕೈಗೆ ಏರಿಸುತ್ತಿದ್ದ ಒಂದು ಹಸಿರು ಬಳೆ ಪಟ್ಟನೆ ಒಡೆಯಿತು. ಹುಸೇನಬಿ ಚೂರುಗಳನ್ನು ಬದಿಗೆ ಸರಿಸಿ ಬೇರೆ ಬಳೆ ತೆಗೆದಳು.

"ತಮ್ಮಾ, ಈ ಒಡದ ಬಳಿಗೂ ನಾ ರೊಕ್ಕ ಕೊಡಬೇಕೇನು?" ಅವ್ವ ಅವನನ್ನು ಕೇಳಿದಳು.

"ಇಡೂಮುಂದ ಒಡದದ್ದಕ್ಕ ಯಾರರ ರೊಕ್ಕ ತಗೋತಾರೇನ್ರಿ, ಅವ್ವಾರ? ಅದು ಮಾರಾವ್ರ ಲುಕ್ಸಾನು," ಎಂದ.

"ಹಂಗಾರ ನನ್ನ ಮಗಳ ಕೈಗೆ ಮುಟ್ಟದ ಪುಸ್ತಕದ್ದು?"

ಹುಸೇನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಸೈಕಲ್ ಹತ್ತಿದ.

ಎಷ್ಟೋ ದಿನ ಶಾಲೆಯ ಗೇಟಿನ ಕಡೆ ನೋಡುತ್ತಲೇ ಪಾಠ ಮಾಡಿದೆ. ಅವನು ಬರಲಿಲ್ಲ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೂ ಆ ಬಳೆ ಒಡೆಯುವ ಮುಂಚೆ ಅವ್ವನ ಸಡಿಲ ಕೈ ಮುಷ್ಟಿಯಾದದ್ದನ್ನು ಕಂಡ ಹಾಗಿದೆ. ಕೇಳಿದಾಗಲೆಲ್ಲ ಅವಳು, "ಬಳಿ ಬಿಗಿ ಇತ್ತವಾ," ಅನ್ನುತ್ತಿದ್ದಳು.