ಯಾರೂ ಜಗ್ಗದ ಗಂಟು

ಟಂವ್. ಬಿಗಿದು ಕಟ್ಟಿದ ಹಗ್ಗವನ್ನು ದಾವಲಸಾಬರು ತೋರುಬೆರಳಿನಿಂದ ಒಮ್ಮೆ ಮೀಟಿ, ತಂಬೂರಿಯ ಶ್ರುತಿ ನೋಡುವವರ ಹಾಗೆ ಕತ್ತು ವಾಲಿಸಿ ಕೇಳುತ್ತಿದ್ದರು. ಸದ್ದು ಹಿಡಿಸದಿದ್ದರೆ ಬಿಚ್ಚಿ ಮತ್ತೆ ಕಟ್ಟುವುದು. ಹಿಡಿಸಿದರೆ ಒಂದು ಮಾತೂ ಇಲ್ಲದೆ ಮುಂದಿನ ಗೂಟಕ್ಕೆ ನಡೆಯುವುದು. ಈಗ ನನ್ನ ಮಂಡಿ ಎರಡೂ ಹೋಗಿವೆ, ಎಡಗಿವಿ ಅಷ್ಟಾಗಿ ಕೇಳುವುದಿಲ್ಲ. ಆ ಕೇಳದ ಕಿವಿಯಲ್ಲೇ ಈ ಸದ್ದು ಬರುತ್ತದೆ. ಇಎನ್‌ಟಿ ಡಾಕ್ಟರಿಗೆ ಇದನ್ನು ಹೇಳಿಲ್ಲ. ಹೇಳುವಷ್ಟು ಎನರ್ಜಿಯೂ ಇಲ್ಲ.

ನಾನು ಕೇಶ್ವಾಪುರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಮನೆಯಲ್ಲಿ ಸುಮ್ಮನೆ ಕೂತಿದ್ದವಳನ್ನು ಪ್ರಿನ್ಸಿಪಾಲರು ಕರೆಸಿ, ಹುಡುಗಿಯರ ಕ್ಯಾಂಪಿಂಗ್ ಕ್ಲಬ್ಬನ್ನು ಶನಿವಾರ ಶನಿವಾರ ನೋಡಿಕೊಳ್ಳಿ ಎಂದರು. ಕಾನ್ವೆಂಟಿನಲ್ಲಿ ಓದುವಾಗ ರೀಫ್ ನಾಟ್, ಬೋಲೈನ್, ಕ್ಲೋವ್ ಹಿಚ್ ಎಂಬ ಗಂಟುಗಳನ್ನೆಲ್ಲ ಕಲಿತಿದ್ದೆ. ಹೆಸರುಗಳು ನೆನಪಿದ್ದವು, ಕೈ ಮರೆತಿತ್ತು. ಹಗ್ಗ ಕೊಳ್ಳಲು ಹೋದ ತಾಡಪತ್ರಿ ಅಂಗಡಿಯಲ್ಲಿ ದಾವಲಸಾಬರು ಸಿಕ್ಕರು. ಅಂಗಡಿ ಅವರ ಅಳಿಯನದು. ಇವರು ಹರೆಯದಿಂದ ಹತ್ತಿ ಲಾರಿಗಳ ಮೇಲೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿದವರು. ವಯಸ್ಸಾಯಿತೆಂದು ಲಾರಿಯವರು ಕರೆಯುವುದನ್ನು ಬಿಟ್ಟಿದ್ದರು. ಅಳಿಯ ಇವರನ್ನು ದುಡ್ಡಿನ ಗಲ್ಲೆಯ ಹತ್ತಿರ ಕೂರಿಸಿದ್ದ. ನನ್ನ ಪುಸ್ತಕದ ರೀಫ್ ನಾಟ್ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಚೀಲದ ಬಾಯಿ ಕಟ್ಟಲಿಕ್ಕೆ ಛಲೋ, ಜೀವ ತೂಗಲಿಕ್ಕೆ ಅಲ್ಲ ಎಂದರು. ಮುಂದಿನ ಶನಿವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಶಾಲೆಯ ಗೇಟಿನಲ್ಲಿ ನಿಂತಿದ್ದರು.

ಅವರ ಗಂಟುಗಳಿಗೆ ಹೆಸರಿರಲಿಲ್ಲ, ಕೆಲಸ ಇತ್ತು. ಬೋಲೈನ್ ಎಂದರೆ ಬಾವಿಗೆ ಇಳಿಯುವವನ ಸೊಂಟದ ಕುಣಿಕೆ. ಕ್ಲೋವ್ ಹಿಚ್ ಎಂದರೆ ಎತ್ತನ್ನು ಗೂಟಕ್ಕೆ ಹಾಕುವುದು. ಹೊರೆ ಬಿಗಿಯುವ ಅವರ ಗಂಟಿಗೆ ಇಂಗ್ಲಿಷಿನಲ್ಲಿ ಟ್ರಕ್ಕರ್ಸ್ ಹಿಚ್ ಅನ್ನುತ್ತಾರೆ ಎಂದು ನಾನು ಫೋನಿನಲ್ಲಿ ತೋರಿಸಿದಾಗ, ಅಲ್ಲಿಯವರೂ ಲಾರಿ ಹೊಡೆಯುತ್ತಾರೇನು ಎಂದು ನಕ್ಕರು.

ಕಣ್ಣು ಮುಚ್ಚಿ ಕಟ್ಟಬೇಕು ಎಂಬುದು ಅವರ ಹಟ. ಹುಡುಗಿಯರು ಗೊಣಗಿದರೆ, “ಬೆನ್ನ ಹಿಂದ ಹೆರಳ ಹಾಕ್ಕೋವಾಗ ಕಣ್ಣಿಂದ ನೋಡ್ತೀರೇನು?” ಎನ್ನುತ್ತಿದ್ದರು. ಬಾಬ್ ಕಟ್ ಕೂದಲಿನ ಸಂಜನಾ ಎಂಬ ಹನ್ನೆರಡು ವರ್ಷದ ಹುಡುಗಿ ಬಿಡುವವಳಲ್ಲ. “ನನಗ ಹೆರಳಽ ಇಲ್ಲಲ್ಲ ಚಾಚಾ.”

“ಪೈಜಾಮದ ಲಾಡಿ ಅರ ಐತಿಲ್ಲೋ?”

ಇಡೀ ಮೈದಾನ ನಕ್ಕಿತು. ನಾನು ಮಾತ್ರ ಕಾನ್ವೆಂಟಿನ ಮುಖ ಮಾಡಿಕೊಂಡು ನಿಂತೆ.

ಇನ್ನೊಂದು ಅವರ ಲಾರಿಯ ಕಾಯಿದೆ. ಗಂಟು ಕಟ್ಟಿದವನು ಅದನ್ನು ಜಗ್ಗಿ ನೋಡಬಾರದು, ಬೇರೆಯವನು ಜಗ್ಗಬೇಕು. “ತನ್ನ ಗಂಟ ಜಗ್ಗೂವಾಗ ಕೈ ಕಳ್ಳಬೀಳತೈತ್ರಿ ಬಾಯಾರ, ಪೂರ್ತಿ ಬಲ ಹಾಕಂಗಿಲ್ಲ,” ಎಂದು ನನಗೆ ಬಿಡಿಸಿ ಹೇಳಿದ್ದರು. ಲಾರಿಯ ಮೇಲೆ ಒಬ್ಬ ಕಟ್ಟಿದರೆ ಇನ್ನೊಬ್ಬ ಮೈಭಾರ ಪೂರ್ತಿ ಹಾಕಿ ಜೋತುಬೀಳುತ್ತಿದ್ದನಂತೆ. ಹುಡುಗಿಯರು ಒಬ್ಬರ ಗಂಟನ್ನು ಒಬ್ಬರು ಜಗ್ಗಿದರು, ನನ್ನದನ್ನೂ ಜಗ್ಗಿದರು. ನನ್ನದು ಎರಡು ಸಲ ಬಿಚ್ಚಿಹೋಯಿತು. ದಾವಲಸಾಬರ ಗಂಟಿನ ಹತ್ತಿರ ಯಾರೂ ಹೋಗಲಿಲ್ಲ. ಕಲಿಸಿದವರ ಗಂಟನ್ನು ಪರೀಕ್ಷೆ ಮಾಡುವುದುಂಟೆ?

ಆ ಮಳೆಗಾಲದಲ್ಲಿ ಅವರ ಬಲಗೈ ನಡುಗುವುದನ್ನು ನಾನು ಕಂಡೆ. ಮಾತಾಡುತ್ತ ಕೂತಾಗ ಅದನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳುತ್ತಿದ್ದರು. ಕಟ್ಟುವ ಮೊದಲು ಒಂದು ಉಸಿರು ಹೆಚ್ಚು ತೆಗೆದುಕೊಳ್ಳುತ್ತಿದ್ದರು. ಒಬ್ಬರ ಕೊರತೆಯನ್ನು ಕಂಡೂ ಕಾಣದಂತಿರುವುದೇ ಗುಡ್ ಮ್ಯಾನರ್ಸ್ ಎಂದು ನನಗೆ ಚಿಕ್ಕಂದಿನಲ್ಲಿ ಕಲಿಸಿದ್ದರು. ಅದೂ ಅಲ್ಲದೆ, ಆ ಕೈಗೆ ಕೆಲಸ ಉಳಿದಿದ್ದದ್ದು ನಮ್ಮ ಮೈದಾನದಲ್ಲಿ ಮಾತ್ರ. ಅದನ್ನೂ ಕಸಿಯಲು ಮನಸ್ಸು ಬರಲಿಲ್ಲ. ಜೊತೆಗೆ, ಟು ಬಿ ಫ್ರ್ಯಾಂಕ್, ಅವರಿಲ್ಲದೆ ಕ್ಲಬ್ ನಡೆಸುವ ಶಕ್ತಿ ನನಗೆ ಇರಲಿಲ್ಲ.

ದೀಪಾವಳಿ ರಜೆಯಲ್ಲಿ ಧಾರವಾಡದ ಆಚೆ ಒಂದು ಮಾವಿನ ತೋಪಿಗೆ ಒಂದು ದಿನದ ಕ್ಯಾಂಪ್ ಹೋದೆವು. ಎರಡು ಮರಗಳ ನಡುವೆ ಹಗ್ಗದ ಸೇತುವೆ. ಕೆಳಗಿನ ಹಗ್ಗದ ಮೇಲೆ ಕಾಲು, ಮೇಲಿನದನ್ನು ಕೈಯಲ್ಲಿ ಹಿಡಿಯುವುದು. ಕೆಳಗಿನದನ್ನು ಹುಡುಗಿಯರು ಕಟ್ಟಿದರು, ಹತ್ತು ಕೈ ಅದನ್ನು ಜಗ್ಗಿ ನೋಡಿದವು. ಮೇಲಿನದನ್ನು ದಾವಲಸಾಬರು ಕಟ್ಟಿದರು. ಸಂಜನಾ ನಡುವಿಗೆ ಬಂದಿದ್ದಳು. ಮೇಲಿನ ಹಗ್ಗ ಮರದಿಂದ ಕಳಚಿತು. ಎದೆಯೆತ್ತರದಿಂದ ಬಿದ್ದ ಹುಡುಗಿಯ ಮಣಿಕಟ್ಟು ಮುರಿಯಿತು.

ಅವಳ ತಾಯಿ ನನ್ನನ್ನು ಅಂದದ್ದೆಲ್ಲ ನ್ಯಾಯವೇ. ಪ್ರಿನ್ಸಿಪಾಲರು ಬರವಣಿಗೆಯಲ್ಲಿ ರಿಪೋರ್ಟ್ ಕೇಳಿದರು. ನಾನು ಚಂದದ ಇಂಗ್ಲಿಷಿನಲ್ಲಿ, ನೈಲಾನ್ ಹಗ್ಗ ಹೊಸದಾಗಿ ನುಣುಪಾಗಿದ್ದರಿಂದ ಜಾರಿತು ಎಂದು ಬರೆದೆ. ಒಬ್ಬ ಮುದುಕನ ಮಾನ ಉಳಿಸಿದೆ ಅಂದುಕೊಂಡೆ. ಶನಿವಾರ ಅವರು ಬಂದಾಗ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ, ಸಮಾಧಾನವಾಗಲಿ ಎಂದು.

ಅವರು, “ಹಗ್ಗದ ಮ್ಯಾಲ ಯಾಕ ಹಾಕ್ತೀರಿ ಬಾಯಾರ? ಹಗ್ಗ ಛಲೋ ಇತ್ತು. ನನ್ನ ಗಂಟ ಯಾರ ಜಗ್ಗಿದ್ರಿ?” ಎಂದರು.

ಅವರೇ ಎದ್ದು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಬಿಚ್ಚಿದ್ದು ತಾವು ಕಟ್ಟಿದ ಗಂಟು ಎಂದು ಹೇಳಿ ಬಂದರು. ಇನ್ನು ಬರುವುದು ಬೇಡ ಎಂದು ಪ್ರಿನ್ಸಿಪಾಲರು ಅವರಿಗೆ ಮೆತ್ತಗೆ ಹೇಳಿದರಂತೆ. ಕ್ಲಬ್ಬೂ ನಿಂತಿತು. ನಾನೂ ದಣಿದಿದ್ದೆ, ಯಾರೊಡನೆಯೂ ವಾದಿಸಲಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅಂಗಡಿಗೆ ಹೋದೆ. ದಾವಲಸಾಬರು ತಾಡಪತ್ರಿ ಸುರುಳಿಗಳ ಮೇಲೆ ಕೂತಿದ್ದರು, ತೆಳ್ಳಗಾಗಿದ್ದರು. ಅಳಿಯ ಗಿರಾಕಿಯೊಬ್ಬನ ಪೊಟ್ಟಣ ಕಟ್ಟುತ್ತಿದ್ದ. ಹುಡುಗಿಯ ಕೈ ಹೇಗಿದೆ ಎಂದು ಮೊದಲು ಅವರೇ ಕೇಳಿದರು. ಕೂಡಿದೆ, ಬರೆಯುತ್ತಾಳೆ, ಮೊದಲಿನಷ್ಟೇ ಮಾತಾಡುತ್ತಾಳೆ ಎಂದೆ. ಅದಕ್ಕೆ ತಲೆಯಾಡಿಸಿದರು. ನಾನು ಹೇಳಲು ಬಂದದ್ದನ್ನು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಅದು ಅಲ್ಲಿ ಕೆಲಸಕ್ಕೆ ಬರಲಿಲ್ಲ.

“ನಿಮ್ಮ ಕೈ ನಡಗೂದು ನಾ ಮಳಿಗಾಲದಾಗಽ ನೋಡಿದ್ದೆರಿ. ಹೇಳಲಿಲ್ಲ.”

“ನಾನೂ ನೋಡಿದ್ದೆರಿ ಬಾಯಾರ,” ಎಂದರು. “ನಾನೂ ಹೇಳಲಿಲ್ಲ.”

ಹೊರಡಲು ಎದ್ದಾಗ ನನ್ನ ಮಂಡಿ ಸದ್ದು ಮಾಡಿತು. ಬರ್ರಿ, ಆಟೋ ನಿಲ್ಲಿಸಿ ಕೊಡತೇನಿ ಎಂದು ಅವರೂ ಮೆಟ್ಟಿಲಿಳಿದರು. ಅಳಿಯ ತಾನು ನಿಲ್ಲಿಸುತ್ತೇನೆ ಎಂದರೂ ಕೇಳಲಿಲ್ಲ. ನಾನು ಅವರನ್ನು ನೋಡಿದ್ದು ಅದೇ ಕೊನೆ. ರಂಜಾನ್ ಮುಗಿದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು, ಅದೂ ತಡವಾಗಿ.

ಆ ಮಧ್ಯಾಹ್ನ ಮೊದಲನೆಯ ಆಟೋ ನಿಲ್ಲದೆ ಹೋಯಿತು, ಎರಡನೆಯದೂ ಹೋಯಿತು. ಅವರು ರಸ್ತೆಯ ಅಂಚಿಗೆ ಸರಿದು ಬಲಗೈ ಮೇಲೆತ್ತಿದರು. ಬಿಸಿಲಿನಲ್ಲಿ, ಎಲ್ಲರಿಗೂ ಕಾಣುವಂತೆ ಅದು ನಡುಗುತ್ತಿತ್ತು. ಆಟೋ ಬಂದು ನಿಲ್ಲುವವರೆಗೂ ಅವರು ಆ ಕೈಯನ್ನು ಇಳಿಸಲಿಲ್ಲ.